ಹೆರಿಗೆಯ ನಂತರದ ಗುಪ್ತಾಂಗ ಸ್ವಚ್ಛತೆ: ಮುಂಬೈ, ಪುಣೆ, ಗೋವೆಯ ಬಾಣಂತಿ ಏನು ಕೊಳ್ಳಬೇಕು, ಏನು ಬಿಡಬೇಕು

ಮೆಡಿಕಲ್ ಅಂಗಡಿಯವನು ಗುಪ್ತಾಂಗ ತೊಳೆಯುವ ದ್ರವದ, ಅಂದರೆ ಇಂಟಿಮೇಟ್ ವಾಶ್‌ನ, ಬಾಟಲಿ ತೋರಿಸುತ್ತಾನೆ. ಬಾಣಂತನಕ್ಕೆಂದು ಊರಿಂದ ಬಂದ ಅಮ್ಮ ಬೇವಿನ ಸೊಪ್ಪು ಕುದಿಯಲು ಇಡುತ್ತಾರೆ. ಮಾಲಿಶ್ ಮಾಡಲು ಬರುವ ಮೌಶಿ ಶಾಖ ಕೊಡಲು ಶೆಗಡಿ (ಕೆಂಡದ ಒಲೆ) ತರಿಸಿ ಎನ್ನುತ್ತಾಳೆ. ಹೇಳುವವರೆಲ್ಲ ಒಳ್ಳೆಯದನ್ನೇ ಬಯಸುವವರು, ಆದರೆ ಹೊಲಿಗೆ ಬಿದ್ದ ಗಾಯ ಕೇಳುವುದು ಇಷ್ಟೇ: ಶುದ್ಧ ನೀರು ಬೀಳಬೇಕು, ಆಮೇಲೆ ಪೂರ್ತಿ ಒಣಗಬೇಕು, ಪ್ಯಾಡ್ ಹೊತ್ತಿಗೆ ಸರಿಯಾಗಿ ಬದಲಾಗಬೇಕು. ಇದನ್ನು ಸಾಧಿಸಲು ಯಾವ ಸಾಮಾನು ಬೇಕು ಎಂಬುದು ನಿಮ್ಮ ಬಚ್ಚಲು ಹೇಗಿದೆ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ, ಇದು ಜುಲೈಯೋ ಜನವರಿಯೋ ಎಂಬುದರ ಮೇಲೆ ನಿಂತಿದೆ. ಮುಂಬೈ ಹೊರವಲಯದ ಡೊಂಬಿವಲಿಯ ಫ್ಲ್ಯಾಟಿಗೆ ಸರಿಹೋಗುವುದು ಗೋವೆಯ ವಾಸ್ಕೋ ಬಳಿಯ ಝುವಾರಿನಗರದ ಒಂದು ಕೋಣೆಯ ಮನೆಗೆ ಹೊಂದಲಿಕ್ಕಿಲ್ಲ.

ನಿಮ್ಮ ಗಾಯ ಯಾವುದು

ಇದು ಗೊತ್ತಿಲ್ಲದೆ ಆಯ್ಕೆ ಮಾಡುವುದಕ್ಕೆ ಅರ್ಥವಿಲ್ಲ. ಯೋನಿಗೂ ಗುದದ್ವಾರಕ್ಕೂ ನಡುವಿನ ಭಾಗ ಹೆರಿಗೆಯಲ್ಲಿ ತಾನಾಗಿ ಹರಿಯಬಹುದು, ಅಥವಾ ವೈದ್ಯರು ಕತ್ತರಿಸಿ ಜಾಗ ಮಾಡಿರಬಹುದು. ಹರಿದಿದ್ದರೆ ಅದಕ್ಕೆ ನಾಲ್ಕು ದರ್ಜೆಗಳಿವೆ. ಮೊದಲನೆಯದರಲ್ಲಿ ಚರ್ಮ ಮಾತ್ರ ಸೀಳಿರುತ್ತದೆ, ಕೆಲವೊಮ್ಮೆ ಹೊಲಿಗೆಯೂ ಬೇಕಾಗುವುದಿಲ್ಲ. ಎರಡನೆಯದರಲ್ಲಿ ಸ್ನಾಯು ಸೇರುತ್ತದೆ. ವೈದ್ಯರು ಕತ್ತರಿಸಿ ಹೊಲಿದದ್ದೂ ಸುಮಾರಾಗಿ ಇದೇ ಆಳದ್ದು. ಮೂರನೆಯದು, ನಾಲ್ಕನೆಯದು ಗುದದ ಬಿಗಿಸ್ನಾಯುವನ್ನೇ ಮುಟ್ಟಿರುತ್ತವೆ. ನಿಮ್ಮದು ಇವೆರಡರಲ್ಲೊಂದಾದರೆ ಕೆಳಗಿನ ಮನೆಮಟ್ಟದ ಸಲಹೆಯನ್ನು ಬದಿಗಿಟ್ಟು ಆಸ್ಪತ್ರೆಯ ಚೀಟಿಯನ್ನೇ ನಂಬಿ. ಮಲ ಸಡಿಲಿಸುವ ಔಷಧ, ಆ್ಯಂಟಿಬಯಾಟಿಕ್, ಮರುಭೇಟಿ ಎಲ್ಲ ಅದರಲ್ಲಿರುತ್ತವೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ದರ್ಜೆ ಬರೆದಿರದಿದ್ದರೆ ಹೊರಡುವ ಮುನ್ನ ಕೇಳಿ ಬರೆಸಿಕೊಳ್ಳಿ.

ಹೊಲಿಗೆಯ ದಾರ ಸಾಮಾನ್ಯವಾಗಿ ತಾನೇ ಕರಗುವಂಥದು. ಎರಡು ಮೂರು ವಾರಗಳಲ್ಲಿ ಸಣ್ಣ ದಾರದ ತುಣುಕು ಪ್ಯಾಡಿನ ಮೇಲೆ ಕಂಡರೆ ಹೊಲಿಗೆ ಬಿಚ್ಚಿತೆಂದು ಗಾಬರಿಯಾಗಬೇಡಿ.

ಸ್ರಾವದ ಲೆಕ್ಕವೂ ತಿಳಿದಿರಲಿ. ಮೊದಲ ಮೂರು ನಾಲ್ಕು ದಿನ ಕೆಂಪು, ಆಮೇಲೆ ಸುಮಾರು ಹತ್ತನೆಯ ದಿನದವರೆಗೆ ನಸುಗೆಂಪು ಅಥವಾ ಕಂದು, ನಂತರ ಹಳದಿ ಮಿಶ್ರಿತ ಬಿಳಿ. ಎಲ್ಲ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಮಲಗಿದ್ದವರು ಎದ್ದಾಗ ಒಮ್ಮೆಲೇ ಹೆಚ್ಚು ಹೋಗುವುದು ಸಹಜ, ಏಕೆಂದರೆ ಒಳಗೆ ನಿಂತಿದ್ದದ್ದು ಇಳಿಯುತ್ತದೆ. ಮಗುವಿಗೆ ಹಾಲುಣಿಸುವಾಗ ಗರ್ಭಕೋಶ ಕುಗ್ಗುವುದರಿಂದಲೂ ಹಾಗಾಗುತ್ತದೆ. ಸಿಸೇರಿಯನ್ ಆದವರಿಗೂ ಈ ಸ್ರಾವ ಇದ್ದೇ ಇದೆ. 'ಕೆಳಗೆ ಗಾಯವಿಲ್ಲ, ಪ್ಯಾಡ್ ಯಾಕೆ' ಎಂದು ಕೇಳುವವರು ಇನ್ನೂ ಇದ್ದಾರೆ.

ಚೊಂಬು, ಬಾಟಲಿ, ಜೆಟ್ ಸ್ಪ್ರೇ

ಫ್ಲ್ಯಾಟುಗಳಲ್ಲಿ ಕಮೋಡಿನ ಪಕ್ಕ ಜೆಟ್ ಸ್ಪ್ರೇ ತೂಗುತ್ತಿರುತ್ತದೆ, ಕೈ ಅದಕ್ಕೇ ಹೋಗುತ್ತದೆ. ಮೊದಲ ಎರಡು ವಾರ ಅದು ಬೇಡ. ಎತ್ತರದ ಕಟ್ಟಡದ ಕೆಳ ಮಹಡಿಗಳಲ್ಲಿ ಒತ್ತಡ ಜಾಸ್ತಿ, ನೀರು ಸೂಜಿಯಂತೆ ಹೊಲಿಗೆಗೆ ಬಡಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಸಿಡಿಯುವುದರಿಂದ ಗುದದ ಕಡೆಯ ಕೊಳೆ ಮುಂದಕ್ಕೆ ಬರುತ್ತದೆ. ಅದರ ಮೂತಿಯನ್ನು ಮನೆಯವರೆಲ್ಲ ಮುಟ್ಟುತ್ತಾರೆ, ತೊಳೆಯುವವರು ಯಾರೂ ಇಲ್ಲ. ಅದರಲ್ಲಿ ಬರುವುದು ತಣ್ಣೀರು, ಮೂತ್ರದ ಉರಿಗೆ ಬೇಕಾದದ್ದು ಉಗುರು ಬೆಚ್ಚಗಿನದು.

ಒತ್ತಿ ನೀರು ಹಾಯಿಸುವ ಮೃದು ಪ್ಲಾಸ್ಟಿಕ್ ಬಾಟಲಿ ನಮ್ಮ ಮೊದಲ ಆಯ್ಕೆ. 300ರಿಂದ 500 ಮಿಲಿಲೀಟರ್ ಹಿಡಿಸುವಂಥದು ಸಾಕು. ಕೊರಳು ಬಾಗಿದ ಬಾಟಲಿಯಾದರೆ ಹೊಟ್ಟೆ ಮಡಿಸದೆ ಕೈ ತಲುಪುತ್ತದೆ. ಸಿಸೇರಿಯನ್ ಆದವರಿಗೆ ಇದು ದೊಡ್ಡ ಅನುಕೂಲ. ಕೊಳ್ಳುವುದು ಬೇಡವೆಂದರೆ ಮೆತ್ತನೆಯ ನೀರಿನ ಬಾಟಲಿಯೊಂದನ್ನು ತೊಳೆದು, ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ಐದಾರು ತೂತು ಹಾಕಿ. ಕೆಲಸ ಅದೇ ಆಗುತ್ತದೆ. ಬಳಸುವ ಕ್ರಮ: ಕಮೋಡಿನ ಮೇಲೆ ಕೂತು, ಮೂತ್ರ ಹೋಗಲು ಶುರುವಾಗುವ ಮುನ್ನವೇ ನೀರು ಹಾಯಿಸಲು ಆರಂಭಿಸಿ, ಮುಗಿಯುವವರೆಗೂ ಹಾಯಿಸಿ. ಉರಿಯುವುದು ಮೂತ್ರ ದಟ್ಟವಾಗಿ ಗಾಯಕ್ಕೆ ತಾಗಿದಾಗ. ನೀರು ಬೆರೆತರೆ ಉರಿ ಇಳಿಯುತ್ತದೆ. ಉರಿಯ ಭಯಕ್ಕೆ ನೀರು ಕುಡಿಯುವುದನ್ನು ಕಡಿಮೆ ಮಾಡುವವರಿದ್ದಾರೆ. ಆಗ ಮೂತ್ರ ಇನ್ನಷ್ಟು ದಟ್ಟವಾಗಿ ಉರಿ ಹೆಚ್ಚುತ್ತದೆ. ಮೂರು ನಾಲ್ಕು ತಾಸಿಗೊಮ್ಮೆ ಮೂತ್ರಕ್ಕೆ ಹೋಗಿ. ಹೆರಿಗೆಯಾಗಿ ಅಥವಾ ಮೂತ್ರದ ನಳಿಕೆ ತೆಗೆದು ಆರು ತಾಸಾದರೂ ಮೂತ್ರ ಹೋಗದಿದ್ದರೆ ದಾದಿಗೆ ತಿಳಿಸಬೇಕು.

ಬಾಟಲಿಯ ದೋಷ ಒಂದೇ, ಒಳಗೆ ಒದ್ದೆ ಉಳಿದರೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ದಿನಕ್ಕೊಮ್ಮೆ ಸೋಪಿನ ನೀರಿನಲ್ಲಿ ಕುಲುಕಿ ತೊಳೆದು, ಮುಚ್ಚಳ ತೆಗೆದು ಬೋರಲು ಹಾಕಿಡಿ.

ಚೊಂಬು ಬಡವರ ಆಯ್ಕೆಯೇನಲ್ಲ. ಇಂಡಿಯನ್ ಶೈಲಿಯ ಪಾಯಖಾನೆಯಲ್ಲಿ ಬಾಟಲಿಗಿಂತ ಅದೇ ಸುಲಭ. ಚಾಳಿನ ಸಾರ್ವಜನಿಕ ಪಾಯಖಾನೆಗೆ ಹೋಗಬೇಕಾದವರು ಮನೆಯಿಂದಲೇ ಬೆಚ್ಚಗಿನ ನೀರನ್ನು ಮುಚ್ಚಳವಿರುವ ಸಣ್ಣ ಬಕೆಟಿನಲ್ಲಿ ಒಯ್ಯಲಿ, ಅಲ್ಲಿನ ಡ್ರಮ್ಮಿನ ನೀರು ಗಾಯಕ್ಕೆ ತಾಗಿಸಬೇಡಿ. ಚೊಂಬನ್ನು ಮುಂದಿನಿಂದ ಹಿಡಿದು ನೀರು ಹಿಂದಕ್ಕೆ ಹರಿಯುವಂತೆ ಸುರಿಯಬೇಕು, ಕೈಯಿಂದ ಉಜ್ಜಬಾರದು. ಕಿರಿದಾದ ಮೂತಿಯುಳ್ಳ ಸಣ್ಣ ಜಗ್ ಇದ್ದರೆ ಇನ್ನೂ ಒಳ್ಳೆಯದು. ಎರಡೋ ಮೂರೋ ತಾಸು ಮಾತ್ರ ನೀರು ಬರುವ ಮನೆಯಲ್ಲಿ, ಅಥವಾ ಪುಣೆಯ ಸೊಸೈಟಿಗಳಂತೆ ಟ್ಯಾಂಕರ್ ನೀರು ಬೆರೆಯುವಲ್ಲಿ, ಬಾಣಂತಿಗೆಂದೇ ಎರಡು ಮೂರು ಲೀಟರ್ ನೀರು ಕುದಿಸಿ ಆರಿಸಿ ಮುಚ್ಚಿಡಿ. ಕೊನೆಯ ಬಾರಿ ಸುರಿಯುವುದು ಆ ನೀರಾಗಿರಲಿ.

ತೊಳೆದ ಮೇಲೆ ಒರೆಸುವುದಲ್ಲ, ಒತ್ತುವುದು. ಹಳೆಯ ಮೆತ್ತನೆಯ ಪಂಚೆಯ ತುಂಡುಗಳನ್ನು ಮಾಡಿಟ್ಟುಕೊಂಡು ಮುಂದಿನಿಂದ ಹಿಂದಕ್ಕೆ ಒತ್ತಿ ತೆಗೆಯಿರಿ. ಒಂದು ತುಂಡು ಒಮ್ಮೆಗೆ ಮಾತ್ರ, ಮತ್ತೆ ಒಗೆಯಲಿ. ಟಿಶ್ಯೂ ಆದರೆ ಚೂರು ಹೊಲಿಗೆಗೆ ಅಂಟಿಕೊಳ್ಳುತ್ತದೆ. ದಿನಕ್ಕೆ ಒಂದೆರಡು ಸಲ ಕೆಳಗೆ ಟವೆಲ್ ಹಾಸಿ, ಪ್ಯಾಡ್ ಇಲ್ಲದೆ ಹತ್ತು ನಿಮಿಷ ಮಲಗಿ, ಗಾಳಿಗೆ ಒಣಗುವಷ್ಟು ಚೆನ್ನಾಗಿ ಬಟ್ಟೆಯಿಂದ ಒಣಗದು. ಬಾಗಿಲಿಗೆ ಚಿಲಕ ಬೇಕು, ಅದನ್ನು ಮನೆಯವರು ಒದಗಿಸಲಿ.

ನೀರಿಗೆ ಏನು ಬೆರೆಸುವುದು

ಏನೂ ಬೇಡ. ಈ ಉತ್ತರ ಯಾರಿಗೂ ಸಮಾಧಾನ ಕೊಡುವುದಿಲ್ಲವಾದ್ದರಿಂದ ಒಂದೊಂದಾಗಿ ನೋಡೋಣ.

ಉಪ್ಪು: 1988ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1800 ಬಾಣಂತಿಯರ ಮೇಲೆ ಉಪ್ಪಿನ ನೀರು, ಸ್ಯಾವ್ಲಾನ್ ನೀರು, ಬರೀ ನೀರು ಮೂರನ್ನೂ ಹೋಲಿಸಿ ನೋಡಿದರು. ನೋವಿನಲ್ಲಿ, ಗಾಯ ಮಾಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಉಪ್ಪು ಹಾಕಿದರೆ ಕೆಡುಕಿಲ್ಲ, ಆದರೆ ಹಿಡಿ ಹಿಡಿಯಾಗಿ ಹಾಕಿದರೆ ಚರ್ಮ ಒಣಗಿ ತುರಿಸುತ್ತದೆ.

ಡೆಟಾಲ್, ಸ್ಯಾವ್ಲಾನ್: ಬೇಡವೇ ಬೇಡ. 'ಒಂದು ಮುಚ್ಚಳ' ಎಂಬ ಅಳತೆ ಮನೆಯಿಂದ ಮನೆಗೆ ಬದಲಾಗುತ್ತದೆ, ಸ್ವಲ್ಪ ದಟ್ಟವಾದರೂ ಹಸಿ ಗಾಯದ ಸುತ್ತ ಚರ್ಮ ಕೆಂಪಾಗಿ ಸುಲಿಯುತ್ತದೆ. ಆಮೇಲೆ ಅದು ನಂಜೋ ಸುಟ್ಟದ್ದೋ ಎಂದು ವೈದ್ಯರಿಗೂ ಗೊಂದಲ.

ಬೆಟಾಡಿನ್: ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅನೇಕ ಚೀಟಿಗಳಲ್ಲಿ ಇದು ಇರುತ್ತದೆ. ಆ ಕಂದು ದ್ರವದಲ್ಲಿರುವುದು ಪೊವಿಡೋನ್ ಅಯೋಡಿನ್. ಯೋನಿಯ ಒಳಪದರ ಮತ್ತು ಹಸಿ ಗಾಯದ ಮೂಲಕ ಅಯೋಡಿನ್ ರಕ್ತಕ್ಕೆ ಇಳಿಯುತ್ತದೆ, ಅಲ್ಲಿಂದ ಎದೆಹಾಲಿಗೆ ಹೋಗುತ್ತದೆ. ದಿನವೂ ಹಲವು ಸಲ, ವಾರಗಟ್ಟಲೆ ಬಳಸಿದರೆ ಎಳೆ ಮಗುವಿನ ಥೈರಾಯ್ಡ್ ಕೆಲಸ ತಾತ್ಕಾಲಿಕವಾಗಿ ಕುಗ್ಗಬಹುದು. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಅಪಾಯ ಹೆಚ್ಚು. ವೈದ್ಯರು ಬರೆದಿದ್ದರೆ ಎಷ್ಟು ದಿನ, ಎಷ್ಟು ಪ್ರಮಾಣ ಎಂದು ಕೇಳಿ, ಅಷ್ಟಕ್ಕೇ ನಿಲ್ಲಿಸಿ. ನಿಮಗೆ ಥೈರಾಯ್ಡ್ ತೊಂದರೆ ಇದ್ದರೆ ಮೊದಲೇ ಹೇಳಿ. ಬಾಟಲಿ ಉಳಿದಿದೆಯೆಂದು ಮುಂದುವರಿಸುವುದೇ ಇಲ್ಲಿ ಆಗುವ ತಪ್ಪು.

ಬೇವು, ಅರಿಶಿನ: ಬೇವಿನ ನೀರನ್ನು ಚೆನ್ನಾಗಿ ಕುದಿಸಿ, ದಟ್ಟ ಬಟ್ಟೆಯಲ್ಲಿ ಸೋಸಿದ್ದರೆ ಅಮ್ಮನ ಜೊತೆ ಜಗಳ ಬೇಕಾಗಿಲ್ಲ. ಅದರಿಂದ ಗಾಯ ಬೇಗ ಮಾಯುತ್ತದೆ ಎಂದೇನೂ ಇಲ್ಲ, ಕುದಿಸಿದ ನೀರಾದ್ದರಿಂದ ನಡೆಯುತ್ತದೆ. ಅರಿಶಿನದ ಪುಡಿ ಬೇರೆ ಮಾತು. ಕಣಗಳು ಹೊಲಿಗೆಯ ಸಂದಿನಲ್ಲಿ ಕೂರುತ್ತವೆ, ಬಣ್ಣದಿಂದಾಗಿ ಕೀವು ಬಂದರೂ ಗೊತ್ತಾಗುವುದಿಲ್ಲ. ಅರಿಶಿನ ಹಾಲಿಗೆ ಹಾಕಿ, ಗಾಯಕ್ಕಲ್ಲ.

ಪಟಿಕ, ಮಾಚಿಕಾಯಿ: 'ಬಿಗಿಯಾಗುತ್ತದೆ' ಎಂದು ಇವನ್ನು ಕೊಡುವವರು ಊರಿನಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಇವೆರಡೂ ಒಳಪದರದ ತೇವ ಹೀರಿ ಸುಕ್ಕುಗಟ್ಟಿಸುತ್ತವೆ, ಅದನ್ನೇ ಬಿಗಿಯೆಂದು ತಿಳಿಯುತ್ತಾರೆ. ಸ್ನಾಯು ಬಿಗಿಯಾಗುವುದು ವ್ಯಾಯಾಮದಿಂದ. ಮೂತ್ರ ತಡೆಯುವಂತೆ ಒಳಸ್ನಾಯು ಹಿಂಡಿ ಐದು ಎಣಿಸಿ ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು, ನೋವು ತಡೆಯುವಷ್ಟಾದ ಮೇಲೆ. ಮೂತ್ರ ಹೋಗುತ್ತಿರುವಾಗಲೇ ತಡೆದು ಅಭ್ಯಾಸ ಮಾಡಬೇಡಿ.

ಇಂಟಿಮೇಟ್ ವಾಶ್: ಸಾಮಾನ್ಯ ಕಾಲದಲ್ಲಿ ಯೋನಿಯ ಆಮ್ಲತೆ ಪಿಎಚ್ (ಅಂಕಿ ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 3.8ರಿಂದ 4.5ರ ನಡುವೆ ಇರುತ್ತದೆ, ಮೈ ಸೋಪು 9–10ರ ಹತ್ತಿರ. ಜಾಹೀರಾತು ಈ ಅಂಕಿ ತೋರಿಸಿ ಲ್ಯಾಕ್ಟಿಕ್ ಆಮ್ಲದ ಬಾಟಲಿ ಮಾರುತ್ತದೆ. ಅಂಕಿ ಸರಿಯೇ. ಆದರೆ ಬಾಣಂತಿಯಲ್ಲಿ ರಕ್ತ ಹರಿಯುತ್ತಿರುತ್ತದೆ, ರಕ್ತದ ಪಿಎಚ್ ಸುಮಾರು 7.4, ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜೆನ್ ಕೂಡ ಇಳಿದಿರುತ್ತದೆ. ಹೊರಗೆ ಹಚ್ಚಿದ ವಾಶ್ ಒಳಗಿನ ಲೆಕ್ಕ ಬದಲಾಯಿಸುವುದಿಲ್ಲ. ಸುವಾಸನೆ ಮಾತ್ರ ಗಾಯಕ್ಕೆ ಉರಿ. ಬೇಕೇ ಬೇಕೆನಿಸಿದರೆ ಹೊಲಿಗೆ ಕೂಡಿದ ಮೇಲೆ, ಸುವಾಸನೆಯಿಲ್ಲದ್ದನ್ನು, ಕೂದಲಿರುವ ಹೊರಚರ್ಮಕ್ಕಷ್ಟೇ. ಸ್ನಾನದಲ್ಲಿ ಮೈಯಿಂದಿಳಿದ ಸೋಪಿನ ನೀರು ಹರಿದು ಹೋದರೆ ಏನೂ ಆಗದು. ಒಳಗೆ ನೀರು ಹಾಯಿಸಿ ತೊಳೆಯುವುದನ್ನು ಮಾತ್ರ ಯಾವ ಕಾಲಕ್ಕೂ ಮಾಡಬಾರದು, ಗರ್ಭಕೋಶದ ಬಾಯಿ ಇನ್ನೂ ತೆರೆದಿರುತ್ತದೆ.

ತಂಪು, ಬೆಚ್ಚನೆ ನೀರು, ಶೆಗಡಿ

ಮೊದಲ ಒಂದೆರಡು ದಿನ ಊತವೇ ನೋವಿಗೆ ಕಾರಣ, ಆಗ ತಂಪು ಬೇಕು. ಪ್ಯಾಡಿನ ಮೇಲೆ ಮೂರು ನಾಲ್ಕು ಚಮಚ ನೀರು ಹನಿಸಿ, ಶುದ್ಧ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಂದು ತಾಸು ಫ್ರೀಜರಿನಲ್ಲಿಡಿ. ತೆಳು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟು ತೆಗೆಯಿರಿ, ಮತ್ತೆ ಎರಡು ಮೂರು ತಾಸು ಬಿಟ್ಟು. ಐಸ್ ನೇರ ಚರ್ಮಕ್ಕೆ ತಾಗಿದರೆ ಅದೂ ಸುಡುತ್ತದೆ. ಬಾಣಂತಿಗೆ ಥಂಡಿ ಏರುತ್ತದೆ, ಹಾಲು ಕೆಡುತ್ತದೆ ಎಂದು ಅಜ್ಜಿ ಬೆದರಿದರೆ, ತಂಪು ತಾಗುವುದು ಅಂಗೈಯಗಲದ ಜಾಗಕ್ಕೆ ಮಾತ್ರ ಎಂದು ಹೇಳಿ. ಹಾಲಿಗೂ ಅದಕ್ಕೂ ಸಂಬಂಧವಿಲ್ಲ. ತಂಪಿನಿಂದ ನೋವು ಇಳಿಯುತ್ತದೆ, ಗಾಯ ಬೇಗ ಮಾಯುತ್ತದೆಂದು ನಿರೀಕ್ಷಿಸಬೇಡಿ.

ಮೊದಲ 24 ತಾಸು ಕಳೆದ ಮೇಲೆ ಬೆಚ್ಚನೆ ನೀರಿನಲ್ಲಿ ಕೂರುವುದು, ಅಂದರೆ ಸಿಟ್ಜ್ ಬಾತ್, ಹಿತವೆನಿಸುತ್ತದೆ. ಮೂಲವ್ಯಾಧಿ ಎದ್ದವರಿಗಂತೂ ಹೆಚ್ಚು. ಕಮೋಡಿನ ಮೇಲೆ ಕೂರುವ ಟಬ್ ಮೆಡಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎಂಟು ಹತ್ತು ಸೆಂಟಿಮೀಟರ್ ನೀರು, 37ರಿಂದ 40 ಡಿಗ್ರಿ ಸೆಲ್ಸಿಯಸ್. ಮಣಿಕಟ್ಟಿನ ಒಳಭಾಗಕ್ಕೆ ಹಾಕಿಕೊಂಡರೆ ಬಿಸಿಯೆನಿಸಬಾರದು, ಬೆಚ್ಚಗಿರಬೇಕು. ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು, ದಿನಕ್ಕೆ ಎರಡು ಮೂರು ಸಲ. ಅರ್ಧ ತಾಸು ಕೂತರೆ ಚರ್ಮ ನೆನೆದು ಮೆತ್ತಗಾಗುತ್ತದೆ, ರಕ್ತನಾಳ ಹಿಗ್ಗಿ ಎದ್ದಾಗ ತಲೆ ತಿರುಗುತ್ತದೆ. ರಕ್ತ ಕಳೆದುಕೊಂಡ ಬಾಣಂತಿ ಬಚ್ಚಲಲ್ಲಿ ಬೀಳುವುದು ಹೀಗೆಯೇ. ಹೊರಗೊಬ್ಬರು ಇರಲಿ.

ಕಮೋಡು ಇಲ್ಲದ ಮನೆಯಲ್ಲಿ ಅಗಲ ಟಬ್ಬನ್ನು ನೆಲದ ಮೇಲಿಟ್ಟು ಕೂರಲು ಹೇಳುವವರಿದ್ದಾರೆ. ಎರಡನೆಯ ದರ್ಜೆಯ ಹೊಲಿಗೆಯಿರುವವರು ಅಷ್ಟು ಕೆಳಗೆ ಕೂತು ಏಳುವಾಗ ಗಾಯ ಎಳೆಯುತ್ತದೆ. ಅಂಥವರು ಟಬ್ ಬಿಟ್ಟು, ಕಡಿಮೆ ಎತ್ತರದ ಪ್ಲಾಸ್ಟಿಕ್ ಸ್ಟೂಲಿನ ತುದಿಯಲ್ಲಿ ಕೂತು ಬೆಚ್ಚಗಿನ ನೀರನ್ನು ಐದಾರು ನಿಮಿಷ ನಿಧಾನ ಸುರಿದುಕೊಂಡರೆ ಸಾಕು. ಮಗುವಿನ ಬಟ್ಟೆ ನೆನೆಸುವ ಟಬ್ಬನ್ನೇ ಇದಕ್ಕೂ ಬಳಸುವುದು ಮಾತ್ರ ಬೇಡ.

ಶೆಗಡಿಯ ಶೇಕ ಮಹಾರಾಷ್ಟ್ರದ ಬಾಣಂತನದಲ್ಲಿ ಗಟ್ಟಿಯಾಗಿ ಬೇರೂರಿದೆ. ಧಾರವಾಡ, ಬಾಗಲಕೋಟೆ ಕಡೆಯ ನಮ್ಮವರಿಗೂ ಹೊರಸಿನ ಕೆಳಗೆ ಕೆಂಡವಿಟ್ಟು ಕಾಸುವುದು ಹೊಸದಲ್ಲ. ಓಮ, ಬಾಳಂತಶೋಪಾ (ಸಬ್ಬಸಿಗೆ ಬೀಜ) ಹಾಕಿ ಹೊಗೆ ಕೊಡುತ್ತಾರೆ. ಬೆನ್ನಿಗೆ ಬಿಸಿನೀರಿನ ಚೀಲದ ಶಾಖ ಹಿತವೇ. ಹೊಲಿಗೆಯ ಮೇಲೆ ಕೆಂಡದ ಶಾಖವಾದರೆ ಮರಗಟ್ಟಿದ ಜಾಗ ಸುಟ್ಟದ್ದು ತಿಳಿಯುವುದಿಲ್ಲ. ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ ಇದ್ದಿಲು ಉರಿಸಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಪಕ್ಕದಲ್ಲಿ ಮಲಗಿದ ಮಗುವಿಗೆ ಅದು ಪ್ರಾಣಾಪಾಯ. ಊರಿನ ಹೆಂಚಿನ ಮನೆಯಲ್ಲಿ ಹೊಗೆ ಹೋಗಲು ದಾರಿಯಿತ್ತು. ಮೌಶಿಗೆ ಮಾಲಿಶ್ ಮಾತ್ರ ಸಾಕೆನ್ನಿ.

ಪ್ಯಾಡ್, ಬಟ್ಟೆ, ಡೈಪರ್ ಪ್ಯಾಂಟ್

ಮೆಟರ್ನಿಟಿ ಪ್ಯಾಡ್ ಎಂದು ಮಾರುವುದು ಉದ್ದ, ದಪ್ಪ, ಮೇಲ್ಪದರ ಮೆತ್ತನೆಯದು. ಅದು ಸಿಗದಿದ್ದರೆ ರಾತ್ರಿ ಬಳಸುವ ಅತಿ ದೊಡ್ಡ ಸಾಮಾನ್ಯ ಪ್ಯಾಡ್ ನಡೆಯುತ್ತದೆ. ಆದರೆ ಪೊಟ್ಟಣದ ಮೇಲೆ 'ಡ್ರೈ' ಎಂದಿದ್ದರೆ ಮೇಲ್ಪದರ ಸಣ್ಣ ತೂತುಗಳ ಪ್ಲಾಸ್ಟಿಕ್ ಬಲೆ. ಅದು ಹೊಲಿಗೆಯ ದಾರಕ್ಕೆ ಸಿಕ್ಕಿ ಎಳೆಯುತ್ತದೆ, ಸೆಕೆಗೆ ಚರ್ಮ ಕೆರೆಯುತ್ತದೆ. ಹತ್ತಿಯಂಥ ಮೇಲ್ಪದರದ್ದನ್ನೇ ಕೇಳಿ. ಮೊದಲ ಮೂರು ದಿನ ಎರಡು ಮೂರು ತಾಸಿಗೊಂದು, ಆಮೇಲೆ ನಾಲ್ಕು ತಾಸಿಗೊಂದು, ತುಂಬಿರಲಿ ಬಿಡಲಿ. ಮೊದಲ ಹತ್ತು ದಿನಕ್ಕೆ ಸುಮಾರು 65ರಿಂದ 80 ಬೇಕಾಗುತ್ತವೆ. ಒಳಗಿಡುವ ಟ್ಯಾಂಪೂನ್, ಮುಟ್ಟಿನ ಕಪ್ ಆರು ವಾರದ ತಪಾಸಣೆಯವರೆಗೆ ಬೇಡ.

ಡೈಪರ್ ಪ್ಯಾಂಟ್ ಮೊದಲ ಎರಡು ರಾತ್ರಿಗೆ, ಮತ್ತು ಪ್ರಯಾಣಕ್ಕೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಮಗುವಿನೊಂದಿಗೆ ಉಡುಪಿಗೆ ಹೊರಟವರಿಗೆ ರೈಲಿನ ಪಾಯಖಾನೆಯಲ್ಲಿ ಪ್ಯಾಡ್ ಅಂಟಿಸುವ ಸಾಹಸ ತಪ್ಪುತ್ತದೆ. ಮನೆಯಲ್ಲಿ ಹಗಲಿಗೆ ಬೇಡ. ಮುಂಬೈ, ಗೋವೆಯ ಬೆವರಿನಲ್ಲಿ ಎರಡೇ ದಿನಕ್ಕೆ ತೊಡೆಯ ಸಂದಿ ಕೆಂಪಾಗಿ ಶಿಲೀಂಧ್ರ ಹಿಡಿಯುತ್ತದೆ. ಪುಣೆಯ ಒಣ ಹವೆಯಲ್ಲಿ ಸ್ವಲ್ಪ ತಡೆದುಕೊಳ್ಳಬಹುದು. ಸಿಸೇರಿಯನ್ ಆದವರು ಸೊಂಟದ ಎಲಾಸ್ಟಿಕ್ ಗಾಯದ ಮೇಲೆ ಬಾರದಂತೆ, ಹೊಕ್ಕುಳಿನವರೆಗೆ ಬರುವ ಹತ್ತಿಯ ಚಡ್ಡಿ ಆರಿಸಲಿ. ಹೊಟ್ಟೆಯ ಮಡಿಕೆ ಗಾಯದ ಮೇಲೆ ಬೀಳುವವರು ಸ್ನಾನದ ನಂತರ ಮಡಿಕೆ ಎತ್ತಿ ಒಣಗಿಸಲೇಬೇಕು. ಅಲ್ಲಿ ಪೌಡರ್ ಹಾಕಬಾರದು.

ಹಳೆಯ ಸೀರೆಯ ಬಟ್ಟೆ ಮೆತ್ತಗೆ, ಗಾಯಕ್ಕೆ ಹಿತ, ಖರ್ಚಿಲ್ಲ. ತೊಡಕಿರುವುದು ಒಣಗಿಸುವುದರಲ್ಲಿ. ತಣ್ಣೀರಿನಲ್ಲಿ ಮೊದಲು ರಕ್ತ ಬಿಡಿಸಿ (ಬಿಸಿನೀರಿಗೆ ಹಾಕಿದರೆ ಕಲೆ ಕೂತುಬಿಡುತ್ತದೆ), ಸೋಪಿನಲ್ಲಿ ಒಗೆದು, ಬಿಸಿಲಿಗೆ ಹಾಕಬೇಕು. ಚಾಳಿನ ಗ್ಯಾಲರಿಯಲ್ಲಿ ನಾಚಿಕೆಗೆ ಬೇರೆ ಬಟ್ಟೆಯ ಕೆಳಗೆ ಹರವಿದರೆ ಅದು ಒಣಗುವುದಿಲ್ಲ, ಮುಗ್ಗಲು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಬದಿಗೆ ಬಿಸಿ ಇಸ್ತ್ರಿ ಹಾಕಲಾರದಿದ್ದರೆ ಬಟ್ಟೆಯ ಯೋಚನೆ ಬಿಡಿ.

ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಿ. ಪುಣೆಯಲ್ಲಿ ಸ್ವಚ್ಛ್ ಸಹಕಾರಿಯ ಕಸ ಆಯುವ ಹೆಂಗಸರು ಪೊಟ್ಟಣದ ಮೇಲೆ ಕೆಂಪು ಚುಕ್ಕೆ ಇಡಲು ಕೇಳುತ್ತ ಬಂದಿದ್ದಾರೆ, ಬರಿಗೈಯಲ್ಲಿ ಬಿಚ್ಚಿ ನೋಡುವುದು ಅವರಿಗೆ ತಪ್ಪುತ್ತದೆ.

ಕೂರುವುದು, ಮಲವಿಸರ್ಜನೆ

ನಡುವೆ ತೂತಿರುವ ರಬ್ಬರ್ ರಿಂಗನ್ನು ಕೊಳ್ಳಬೇಡಿ. ಗಾಯ ತೂಗಾಡುವಂತಾಗಿ ಅಲ್ಲಿ ರಕ್ತ ಇಳಿದು ಊತ ಹೆಚ್ಚುತ್ತದೆ. ಮೆತ್ತನೆಯ ದಿಂಬು ಅಥವಾ ಎರಡು ತೊಡೆಯ ಕೆಳಗೆ ಒಂದೊಂದು ಸುತ್ತಿದ ಟವೆಲ್ ಮೇಲು. ಹಾಲುಣಿಸಲು ಒಂದು ಮಗ್ಗುಲಾಗಿ ಮಲಗುವುದು ಎಲ್ಲಕ್ಕಿಂತ ಆರಾಮ.

ಮೊದಲ ಬಾರಿ ಮಲವಿಸರ್ಜನೆಗೆ ಎಲ್ಲರಿಗೂ ಭಯ. ಕಮೋಡಿನ ಮುಂದೆ ಸಣ್ಣ ಸ್ಟೂಲಿಟ್ಟು ಪಾದ ಎತ್ತರಿಸಿ, ಶುದ್ಧ ಪ್ಯಾಡೊಂದನ್ನು ಮಡಿಸಿ ಹೊಲಿಗೆಗೆ ಮೆಲ್ಲಗೆ ಒತ್ತಿ ಹಿಡಿಯಿರಿ, ತಿಣುಕಬೇಡಿ. ಬಾಣಂತಿಗೆ ನೀರು ಕಡಿಮೆ ಕೊಡುವ, ಸೊಪ್ಪು ತರಕಾರಿ ನಿಲ್ಲಿಸುವ ಪಥ್ಯವೇ ಮಲಬದ್ಧತೆಯ ಮೂಲ. ರಾತ್ರಿ ಇಸಬ್‌ಗೋಲ್ ಒಂದೆರಡು ಚಮಚ, ದೊಡ್ಡ ಲೋಟ ನೀರಿನೊಂದಿಗೆ. ನೀರು ಕಮ್ಮಿಯಾದರೆ ಅದೇ ಗಟ್ಟಿಯಾಗಿ ಕೂರುತ್ತದೆ. ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ಹಾಲುಣಿಸುವ ತಾಯಿಗೆ ಸಾಮಾನ್ಯವಾಗಿ ಕೊಡುವಂಥವೇ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಅಥವಾ ಬಿಪಿ ಇದ್ದರೆ ಐಬುಪ್ರೊಫೆನ್ ಕೇಳದೆ ಬೇಡ.

ಯಾವಾಗ ಆಸ್ಪತ್ರೆಗೆ

ಒಂದು ತಾಸಿನಲ್ಲಿ ದೊಡ್ಡ ಪ್ಯಾಡ್ ಪೂರ್ತಿ ತೊಯ್ದರೆ, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಹೋದರೆ, ಕಣ್ಣು ಕತ್ತಲಿಟ್ಟರೆ ತಡಮಾಡದೆ 108ಕ್ಕೆ ಕರೆ ಮಾಡಿ. ಮಹಾರಾಷ್ಟ್ರ, ಗೋವೆ ಎರಡರಲ್ಲೂ ಅದೇ ಸಂಖ್ಯೆ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಸ್ರಾವ ಕೊಳೆತ ವಾಸನೆ ಬಂದರೆ, ಮೂರನೆಯ ದಿನದ ನಂತರ ನೋವು ಇಳಿಯುವ ಬದಲು ಏರಿದರೆ, ಹೊಲಿಗೆ ಬಾಯಿಬಿಟ್ಟರೆ, ಕೀವು ಬಂದರೆ ಅಂದೇ ತೋರಿಸಿ. ಬಾಣಂತಿ ನಂಜು ರಾತ್ರಿ ಕಳೆಯುವುದರೊಳಗೆ ಮೈಯೇರಬಲ್ಲದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದೂ ಈ ಪಟ್ಟಿಯಲ್ಲಿದೆ.

ಆರು ವಾರದ ತಪಾಸಣೆಗೆ ಮಗುವಿನ ಲಸಿಕೆಯ ದಿನವೇ ಹೋಗಿಬರುವವರು ತಮ್ಮ ಹೊಲಿಗೆ ತೋರಿಸದೆ ಹಿಂದಿರುಗುತ್ತಾರೆ. ತೋರಿಸಿ. ಕೆಮ್ಮಿದಾಗ ಮೂತ್ರ ಸೋರುತ್ತಿದ್ದರೆ, ಗಾಳಿ ತಡೆಯಲಾಗದಿದ್ದರೆ ನಾಚದೆ ಹೇಳಿ, ಫಿಸಿಯೋಥೆರಪಿಯಿಂದ ಗುಣವಾಗುವಂಥದ್ದೇ ಹೆಚ್ಚು. ಹಾಲುಣಿಸುವಷ್ಟು ಕಾಲ ಯೋನಿ ಒಣಗಿರುವುದು ಈಸ್ಟ್ರೋಜೆನ್ ಇಳಿದಿರುವುದರಿಂದ. ದಾಂಪತ್ಯಕ್ಕೆ ಮರಳುವಾಗ ನೀರು ಆಧಾರಿತ ಲೂಬ್ರಿಕೆಂಟ್ ಬಳಸಿ, ಕೊಬ್ಬರಿ ಎಣ್ಣೆಯಿಂದ ಕಾಂಡೋಮ್ ಹರಿದುಹೋಗಬಹುದು. ಮುಟ್ಟು ಮರಳುವ ಮುನ್ನವೇ ಗರ್ಭ ನಿಲ್ಲಬಹುದಾದ್ದರಿಂದ ಕಾಂಡೋಮ್ ಅಥವಾ ಕಾಪರ್-ಟಿ ವಿಚಾರವನ್ನೂ ಅದೇ ಭೇಟಿಯಲ್ಲಿ ಮುಗಿಸಿಕೊಳ್ಳಬಹುದು.